ಬೇರೆಯವರ ಗೋಡೆಯ ಬ್ಯಾಟರಿ

ಸೋಲಾರ್‌ಗೆ ಸರ್ಕಾರ ಕೊಡುತ್ತಿದ್ದ ಟ್ಯಾಕ್ಸ್ ಕ್ರೆಡಿಟ್ ಡಿಸೆಂಬರ್ ಕೊನೆಗೆ ನಿಂತುಹೋಗುತ್ತದೆ ಎಂದು ಗೊತ್ತಾದ ವರ್ಷ, ನಮ್ಮ ಬೀದಿಯವರಿಗೆಲ್ಲ ಇದ್ದಕ್ಕಿದ್ದಂತೆ ಭೂಮಿತಾಯಿಯ ಮೇಲೆ ಪ್ರೀತಿ ಉಕ್ಕಿತು. ಕ್ರೆಡಿಟ್ ಇದ್ದಷ್ಟು ಕಾಲ ಮಾಡಿನ ಕಡೆ ತಲೆ ಎತ್ತಿ ನೋಡದವರು ಸಹ ಏಣಿ ಹಾಕಿಸಿದರು. ಇನ್‌ಸ್ಟಾಲರ್‌ಗಳ ವ್ಯಾನು ನಿಲ್ಲಿಸಲು ಜಾಗವಿರಲಿಲ್ಲ. ಮನೆಮನೆಗೂ ಸೋಲಾರ್ ಕರೆಂಟ್ ಕೂಡಿಡುವ, ಗೋಡೆಗೆ ಕೂರಿಸುವ ಬ್ಯಾಟರಿ ಬಂತು. ನಮ್ಮ ಮನೆಗೆ ಮಾತ್ರ ಬರಲಿಲ್ಲ.

ಬ್ಯಾಟರಿ ಇಲ್ಲಿ ಶೋಕಿಯಲ್ಲ. ನಾವಿರುವ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಿಟಾದಲ್ಲಿ ಒಣಗಾಳಿ ಜೋರಾಗಿ ಬೀಸಿದರೆ, ತಂತಿಯಿಂದ ಕಿಡಿ ಹಾರಿ ಗುಡ್ಡಕ್ಕೆ ಬೆಂಕಿ ಹತ್ತೀತೆಂದು ವಿದ್ಯುತ್ ಕಂಪನಿಯವರೇ ಕರೆಂಟ್ ತೆಗೆದುಬಿಡುತ್ತಾರೆ. ಕೆಲವು ಸಲ ಒಂದು ದಿನ, ಕೆಲವು ಸಲ ಎರಡು. ನಮ್ಮ ಮಾಡಿನ ತುಂಬ ಸೋಲಾರ್ ಪ್ಯಾನೆಲ್ ಇದ್ದರೂ ಪ್ರಯೋಜನವಿಲ್ಲ. ಬ್ಯಾಟರಿ ಇಲ್ಲದ ಪ್ಯಾನೆಲ್, ಬೀದಿಯ ಕರೆಂಟ್ ಹೋದ ಕೂಡಲೇ ತಾನೂ ಕಣ್ಣು ಮುಚ್ಚಿಕೊಳ್ಳುತ್ತದೆ. ಮೇಲೆ ಸುಡು ಬಿಸಿಲು, ಕೆಳಗೆ ಫ್ರಿಜ್‌ನಲ್ಲಿ ಕರಗುತ್ತಿರುವ ಬಟಾಣಿ.

"ರೀ, ನಾವೂ ಒಂದು ಹಾಕಿಸೋಣ. ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸರ್ಕಾರವೇ ವಾಪಸ್ ಕೊಡುತ್ತಲ್ಲ," ಎಂದು ನಾನು ದೀಪಾವಳಿಯ ಹೊತ್ತಿಗೇ ಹೇಳಿದ್ದೆ.

ನನ್ನ ಗಂಡ ನಕ್ಕರು. ಅವರು ಟೆಲಿಕಾಂ ಇಂಜಿನಿಯರು. ಧಾರವಾಡದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಓದಿ, ಲಾಸ್ ಏಂಜಲೀಸಿನಲ್ಲಿ ಡಿಸ್ಕೌಂಟು ಹುಡುಕುವುದರಲ್ಲಿ ಪಾಂಡಿತ್ಯ ಪಡೆದವರು. "ಎಲ್ಲರೂ ಕೊಳ್ಳುವಾಗ ಕೊಳ್ಳೋನು ದಡ್ಡ. ಕ್ರೆಡಿಟ್ ನಿಲ್ಲಲಿ. ಕೊಳ್ಳೋರು ಇಲ್ಲದೆ ಇನ್‌ಸ್ಟಾಲರ್‌ಗಳು ಅಂಗಡಿ ಮುಚ್ಚುತ್ತಾರೆ. ಗೋಡೌನಿನ ಮಾಲು ಬೀದಿಗೆ ಬೀಳುತ್ತೆ. ಆಗ ನೋಡು."

ಹೇಳಿದಂತೆಯೇ ಆಯಿತು, ಅದೇ ದುರದೃಷ್ಟ. ಹೊಸ ವರ್ಷ ಹುಟ್ಟಿ ಸಂಕ್ರಾಂತಿಯ ಎಳ್ಳುಬೆಲ್ಲ ಖಾಲಿಯಾಗುವಷ್ಟರಲ್ಲಿ ಎರಡು ಮೂರು ಸಣ್ಣ ಸೋಲಾರ್ ಕಂಪನಿಗಳು ಬಾಗಿಲು ಹಾಕಿದ ಸುದ್ದಿ ಬಂತು. ಇವರು ಮನೆಯೊಳಗೆ ಭವಿಷ್ಯ ನುಡಿದ ಸ್ವಾಮಿಗಳ ಹಾಗೆ ಓಡಾಡತೊಡಗಿದರು. ಊಟಕ್ಕೆ ಕರೆದರೂ ಒಂದು ಗಾಂಭೀರ್ಯ.

ಈ ಸ್ವಾಮಿಗಳಿಗೂ ಒಬ್ಬ ಗುರುಗಳಿದ್ದರು. ಸ್ಯಾನ್ ಡಿಯಾಗೋದಲ್ಲಿರುವ ನಿವೃತ್ತ ಪ್ರೊಫೆಸರು, ಮೈಸೂರಿನವರು, ನನ್ನ ಊರಿನವರೇ. ಎಪ್ಪತ್ತು ದಾಟಿದೆ. ಜೀವಮಾನವಿಡೀ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪಾಠ ಮಾಡಿ, ಈಗ ಸದರ್ನ್ ಕ್ಯಾಲಿಫೋರ್ನಿಯಾದ ಕನ್ನಡಿಗರಿಗೆಲ್ಲ ವಾಟ್ಸಾಪಿನಲ್ಲಿ ಪಾಠ ಮಾಡುತ್ತಾರೆ. ಮೆಕ್ಸಿಕೋ ಗಡಿಯ ಹತ್ತಿರದ ಯಾವುದೋ ಗೋಡೌನಿನಲ್ಲಿ ರೀಫರ್ಬಿಶ್ಡ್ ಬ್ಯಾಟರಿಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿವೆ, ನಾಲ್ಕಾರು ಜನ ಸೇರಿ ಕೊಂಡರೆ ಇನ್ನೂ ಇಳಿಸುತ್ತಾರೆ ಎಂದು ಗುಂಪಿನಲ್ಲಿ ಹಾಕಿದವರು ಅವರೇ.

"ಸರ್, ಬಳಸಿ ಬಿಟ್ಟಿದ್ದು ಅಲ್ವಾ?" ಎಂದು ನಾನು ಸ್ಪೀಕರ್ ಫೋನಿನಲ್ಲಿ ಕೇಳಿದೆ.

"ನೋಡಮ್ಮಾ," ಎಂದರು ಪ್ರೊಫೆಸರು, ಬೋರ್ಡಿನ ಮುಂದೆ ನಿಂತವರ ಧಾಟಿಯಲ್ಲಿ. "ಹೊಸದನ್ನು ಯಾರೂ ಬಳಸಿ ನೋಡಿರುವುದಿಲ್ಲ. ಇದನ್ನು ಬಳಸಿದ್ದಾರೆ, ಕೆಟ್ಟಿದೆ, ರಿಪೇರಿ ಮಾಡಿದ್ದಾರೆ. ಅಂದರೆ ಇದರ ಗುಣದೋಷ ಪೂರ್ತಿ ಗೊತ್ತಾಗಿದೆ. ತಾತ್ವಿಕವಾಗಿ ಇದು ಹೊಸದಕ್ಕಿಂತ ಮೇಲು."

"ಇನ್ನೊಂದು," ಎಂದರು ಇವರು, ಉತ್ಸಾಹದಿಂದ. "ಬಳಸಿದ ಬ್ಯಾಟರಿಗೆ ಟ್ಯಾಕ್ಸ್ ಕ್ರೆಡಿಟ್ ಮುಂಚೆಯೂ ಇರಲಿಲ್ಲ. ಅಂದಮೇಲೆ ಕ್ರೆಡಿಟ್ ಹೋಗಿದ್ದರಿಂದ ನಮಗೆ ನಷ್ಟವೇ ಇಲ್ಲ!"

ಇಂಥ ತರ್ಕಕ್ಕೆ ಎದುರು ಹೇಳಲು ನಾನು ಬರೀ ಫಾರ್ಮಸಿಸ್ಟು.

ಶನಿವಾರ ಒಂದು ದೊಡ್ಡ ಪಿಕಪ್ ಟ್ರಕ್ ಬಾಡಿಗೆಗೆ ತಂದರು. ನಮ್ಮ ಜೊತೆಯೇ ಇರುವ ಅತ್ತೆಯವರೂ ಹೊರಟರು. ಅವರಿಗೆ ಬ್ಯಾಟರಿಗಿಂತ ಸಮುದ್ರದ ಆಸೆ. ಐದನೇ ನಂಬರಿನ ಫ್ರೀವೇಯಲ್ಲಿ ಬಲಗಡೆ ಸಮುದ್ರ ಕಂಡಷ್ಟು ಹೊತ್ತು ಮಾತಾಡಲಿಲ್ಲ. ಅದು ಮರೆಯಾದ ಮೇಲೆ ಮಗನನ್ನು ಕೇಳಿದರು:

"ಅಲ್ಲೋ, ಧಾರವಾಡದಾಗ ಸ್ಕೂಟರ್ ಸೆಕೆಂಡ್ ಹ್ಯಾಂಡ್ ಬ್ಯಾಡ ಅಂದಾಂವ ನೀನ. ಇಲ್ಲಿ ಬಂದು ಹಳೇ ಬ್ಯಾಟರಿಗೆ ಇಷ್ಟು ದೂರ ಹೊಂಟೀಯಲ್ಲ?"

"ಅವ್ವ, ಇದು ಹಳೇದಲ್ಲ. ರೀಫರ್ಬಿಶ್ಡ್."

"ಹಂಗಂದ್ರ?"

"ಹಳೇದನ್ನ ಹೊಸದು ಮಾಡಿದ್ದು."

"ಹಂಗಾರ ನನ್ನನ್ನೂ ಒಮ್ಮೆ ಅಲ್ಲೆ ಬಿಟ್ಟು ಬಾ," ಎಂದರು ಅತ್ತೆ.

ಗೋಡೌನು ಊರಾಚೆ, ತಗಡಿನ ಮಾಡಿನ ಶೆಡ್ಡುಗಳ ಸಾಲಿನಲ್ಲಿತ್ತು. ಬೋರ್ಡಿಲ್ಲ. ಒಳಗೆ ಬಿಳಿ ಬ್ಯಾಟರಿಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು, ಕೆಡವಿದ ಮನೆಯ ಬಾಗಿಲುಗಳನ್ನು ನಿಲ್ಲಿಸಿದ ಹಾಗೆ. ಪ್ರೊಫೆಸರು ಆಗಲೇ ಬಂದು ಬೆನ್ನ ಹಿಂದೆ ಕೈ ಕಟ್ಟಿ ತಪಾಸಣೆ ನಡೆಸಿದ್ದರು. ಮಾರುವವನು ಬೇಸ್‌ಬಾಲ್ ಟೋಪಿಯ ಹಸನ್ಮುಖಿ. ಯಾವ ಪ್ರಶ್ನೆ ಕೇಳಿದರೂ "ಗ್ರೇಟ್ ಕ್ವೆಶ್ಚನ್" ಎನ್ನುತ್ತಿದ್ದ, ಉತ್ತರ ಕೊಡುವುದು ಅಪರೂಪ.

"ಇವು ಎಲ್ಲಿಂದ ಬಂದಿದ್ದು?" ಎಂದು ನಾನು ಕೇಳಿದೆ.

"ಗ್ರೇಟ್ ಕ್ವೆಶ್ಚನ್. ಒಂದು ಕಂಪನಿ ಮುಚ್ಚಿತು, ಅವರ ಸ್ಟಾಕ್ ನಾವು ತಗೊಂಡ್ವಿ."

"ವಾರಂಟಿ?"

"ಗ್ರೇಟ್ ಕ್ವೆಶ್ಚನ್."

ಅತ್ತೆ ಒಂದೊಂದೇ ಬ್ಯಾಟರಿಯ ಮುಂದೆ ನಿಂತು, ತೆಂಗಿನಕಾಯಿ ಆರಿಸುವವರಂತೆ ಬೆರಳ ಗೆಣ್ಣಿನಿಂದ ಬಡಿದು ಕಿವಿ ಕೊಟ್ಟರು. ಎಲ್ಲವೂ ಒಂದೇ ಸದ್ದು. "ಯಾವುದೂ ಬಲಿತಿಲ್ಲ," ಎಂದು ತೀರ್ಪು ಕೊಟ್ಟು ಟ್ರಕ್ಕಿಗೆ ಹೋಗಿ ಕೂತರು. ಪ್ರೊಫೆಸರೂ ಇವರೂ ಸೇರಿ ಗೀರಿಲ್ಲದ ಎರಡನ್ನು ಆರಿಸಿದರು, ಒಂದು ಅವರಿಗೆ, ಒಂದು ನಮಗೆ. ಟೋಪಿಯವನು ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಪ್ಯಾಕ್ ಮಾಡಿಕೊಟ್ಟ. ಹಿಂದಿರುಗುವಾಗ ದಾರಿಯುದ್ದಕ್ಕೂ ಇವರು ಕನ್ನಡಿಯಲ್ಲಿ ಹಿಂದಿನ ಪೆಟ್ಟಿಗೆಯನ್ನೇ ನೋಡಿಕೊಂಡು ಬಂದರು. ಮದುವೆಯಾಗಿ ನನ್ನನ್ನು ಕರೆತರುವಾಗ ಅಷ್ಟು ಸಲ ತಿರುಗಿ ನೋಡಿರಲಿಲ್ಲ.

ಇದನ್ನು ಗೋಡೆಗೆ ಹಾಕಲು ಎಲೆಕ್ಟ್ರಿಷಿಯನ್ ಹುಡುಕುವುದೇ ಒಂದು ಕಥೆ. ಫೋನು ಮಾಡಿದವರೆಲ್ಲ "ನಾವು ಮಾರದಿದ್ದನ್ನು ಮುಟ್ಟುವುದಿಲ್ಲ" ಎಂದರು. ಕಡೆಗೆ ಒಬ್ಬ ಒಪ್ಪಿದ. ಸಿಟಿಯ ಪರ್ಮಿಟ್ ಬಂತು. ಗ್ಯಾರೇಜಿನ ಗೋಡೆಗೆ ಬ್ಯಾಟರಿ ಏರಿತು. ಇವರು ಅದಕ್ಕೆ ಕುಂಕುಮ ಇಟ್ಟು, ನಿಂಬೆಹಣ್ಣು ತರಲು ಒಳಗೆ ಹೋದರು. ಬರುವಷ್ಟರಲ್ಲಿ ಎಲೆಕ್ಟ್ರಿಷಿಯನ್ ಸಾಮಾನು ತುಂಬಿಕೊಳ್ಳುತ್ತಿದ್ದ.

"ಇದು ಚಾಲೂ ಆಗೋಲ್ಲ," ಎಂದ, ತನ್ನ ಫೋನು ತೋರಿಸಿ. "ಇನ್ನೊಬ್ಬರ ಅಕೌಂಟಿನಲ್ಲಿ ಲಾಕ್ ಆಗಿದೆ. ಮನೆ ಸ್ಯಾನ್ ಡಿಯಾಗೋ ಕಡೇದು ಅಂತ ತೋರಿಸ್ತಿದೆ. ಅವರು ಬಿಟ್ಟುಕೊಟ್ಟರೆ ಮಾತ್ರ ನಿಮ್ಮದು."

ನಿಂಬೆಹಣ್ಣು ಹಿಡಿದ ಕೈ ಅಲ್ಲೇ ನಿಂತಿತು.

ಬೇಸ್‌ಬಾಲ್ ಟೋಪಿಯವನ ಫೋನು ರಿಂಗೇ ಆಗಲಿಲ್ಲ. ಬ್ಯಾಟರಿ ತಯಾರಿಸಿದ ಕಂಪನಿಯವರು ಮಾಲೀಕರ ಹೆಸರು ಹೇಳುವುದಿಲ್ಲ, ಆದರೆ ನಿಮ್ಮ ಫೋನ್ ನಂಬರು ಅವರಿಗೆ ತಲುಪಿಸುತ್ತೇವೆ ಎಂದರು. ಪ್ರೊಫೆಸರನ್ನು ಕೇಳಿದರೆ, "ನನ್ನದರಲ್ಲೇನೂ ತೊಂದರೆ ಕಾಣುತ್ತಿಲ್ಲವಲ್ಲ," ಎಂದರು. ತೊಂದರೆ ಕಾಣದಿರಲು ಕಾರಣ, ಅವರು ಪ್ಯಾಕಿಂಗ್ ಬಿಚ್ಚಿರಲೇ ಇಲ್ಲ. ಅದು ನಮಗೆ ಆಮೇಲೆ ತಿಳಿಯಿತು.

ಒಂದು ಭಾನುವಾರ, ನಾವು ಉಪ್ಪಿಟ್ಟು ತಿನ್ನುತ್ತಿದ್ದಾಗ ಇವರ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಸ್ಪೀಕರಿಗೆ ಹಾಕಿದರು. ವಯಸ್ಸಾದ ಹೆಂಗಸಿನ ಗಟ್ಟಿ ದನಿ, ಇಲ್ಲಿಯದೇ ಇಂಗ್ಲಿಷು.

"ಅಂತೂ ನಿಮ್ಮ ಸುದ್ದಿ ಬಂತಲ್ಲ! ನನ್ನ ಬ್ಯಾಟರಿ ರಿಪೇರಿ ಆಯಿತಾ? ಯಾವತ್ತು ತಂದು ಕೂರಿಸ್ತೀರಿ?"

ಇವರು ಉಪ್ಪಿಟ್ಟಿನ ತಟ್ಟೆ ಬದಿಗೆ ಸರಿಸಿದರು.

ಆಕೆ ನಮ್ಮನ್ನು ರಿಪೇರಿಯವರೆಂದುಕೊಂಡಿದ್ದರು. ಹಿಂದಿನ ಬೇಸಗೆಯಲ್ಲಿ ಬ್ಯಾಟರಿ ಕೆಟ್ಟಿತ್ತಂತೆ. ಹಾಕಿಕೊಟ್ಟ ಕಂಪನಿಯವರೇ ಬಂದು, ಸರಿಮಾಡಿ ತರುತ್ತೇವೆ ಎಂದು ಗೋಡೆಯಿಂದ ಇಳಿಸಿಕೊಂಡು ಹೋದರಂತೆ. ರಿಪೇರಿ ಮಾಡಿಯೂ ಇರಬೇಕು, ವಾಪಸ್ ತರುವ ಮುಂಚೆ ಆ ಕಂಪನಿಯೇ ಮುಚ್ಚಿತು. ಗೋಡೌನಿನಲ್ಲಿದ್ದದ್ದೆಲ್ಲ, ರಿಪೇರಿಗೆ ಬಂದ ಬೇರೆಯವರ ಮಾಲೂ ಸೇರಿ, ಸ್ಟಾಕು ಎಂದು ಮಾರಾಟವಾಯಿತು. ಇವರು ತಡವರಿಸುತ್ತ, ಬ್ಯಾಟರಿ ಈಗ ನಮ್ಮ ಗ್ಯಾರೇಜಿನಲ್ಲಿದೆ, ನಾವು ಹಣ ಕೊಟ್ಟು ಕೊಂಡಿದ್ದೇವೆ ಎಂದು ಹೇಳಿದರು.

"ನೀವು ಕೊಂಡಿದ್ದೀರಿ," ಎಂದರು ಆಕೆ ನಿಧಾನವಾಗಿ. "ಆದರೆ ನಾನು ಮಾರಿಲ್ಲ."

ಅವತ್ತು ಸಂಜೆ ಪ್ರೊಫೆಸರ ಜೊತೆ ಸ್ಪೀಕರ್ ಫೋನಿನಲ್ಲಿ ಗಂಭೀರ ಸಮಾಲೋಚನೆ ನಡೆಯಿತು. "ಭಾವುಕರಾಗಬೇಡಿ," ಎಂದರು ಅವರು. "ನೀವು ಕದ್ದಿಲ್ಲ. ರಸೀದಿ ಇದೆ. ಆಕೆಗೆ ವಯಸ್ಸಾಗಿದೆ ಅಂತೀರಿ. ಸ್ವಲ್ಪ ಕಾಲ ಕಾಯಿರಿ. ಕಾಲ ಎಲ್ಲವನ್ನೂ ಪರಿಹರಿಸುತ್ತೆ."

ಸೋಫಾದ ಮೇಲೆ ಅವರೆಕಾಳು ಸುಲಿಯುತ್ತಿದ್ದ ಅತ್ತೆ ತಲೆ ಎತ್ತಿದರು. "ಏನಂತಾನ ಆಂವ? ಆಕಿ ಸಾಯೂತನಕ ಕಾಯ್ರಿ ಅಂತಾನೇನು?"

"ಹಂಗಲ್ಲವ್ವ..."

"ಆಂವಗ ಎಷ್ಟು ವಯಸ್ಸು?"

"ಎಪ್ಪತ್ತರ ಮ್ಯಾಲಾಗೇತಿ."

"ಹಂಗಾರ ಆಕೀನೂ ಕಾಯಬಹುದಲ್ಲ," ಎಂದು ಅತ್ತೆ ಮತ್ತೆ ಅವರೆಕಾಳಿಗೆ ಕೈ ಹಾಕಿದರು. ಪ್ರೊಫೆಸರಿಗೆ ಕೇಳಿಸಿತೋ ಏನೋ, ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನಿಟ್ಟರು.

ಆಕೆಯನ್ನು ಖುದ್ದಾಗಿ ಕಂಡು ಮಾತಾಡುವುದೆಂದು ತೀರ್ಮಾನವಾಯಿತು. ಎದುರುಬದುರು ಕೂತರೆ ಯಾರನ್ನಾದರೂ ಒಪ್ಪಿಸಬಹುದು ಎಂಬುದು ಇವರ ನಂಬಿಕೆ. ಜೊತೆಗೆ ಒಂದು ಸಿಹಿ ಡಬ್ಬಿ ಇದ್ದರೆ ಖಾತ್ರಿ. ನಮ್ಮ ದೇಶದ ಅಂಗಡಿಗಳ ಸಾಲೇ ಇರುವ ಆರ್ಟೀಸಿಯಾಕ್ಕೆ ಹೋಗಿ ದೊಡ್ಡದೊಂದು ಡಬ್ಬಿ ಪೇಡಾ ಕಟ್ಟಿಸಿಕೊಂಡೆವು. ಅಂಗಡಿಯವನು "ಏನು ವಿಶೇಷ?" ಎಂದು ಕೇಳಿದ್ದಕ್ಕೆ ಇವರು "ಸಂಬಂಧ ಮಾತಾಡೋಕೆ ಹೋಗ್ತಿದೀವಿ" ಎಂದರು. ಅತ್ತೆ ಈ ಸಲವೂ ಬಂದರು. ಸಮುದ್ರಕ್ಕಲ್ಲ, ಮಗನ ಮಾತು ಕೇಳಲಿಕ್ಕೆ.

ಆಕೆಯ ಮನೆ ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ, ಗುಡ್ಡದ ಮೇಲಿನ ಸಣ್ಣ ಊರಿನಲ್ಲಿ. ಅಂಗಳದಲ್ಲಿ ಅವಕಾಡೊ ಮರ, ಒಣಹುಲ್ಲು ಕತ್ತರಿಸಿ ಹಸನುಗೊಳಿಸಿದ ಸುತ್ತಲಿನ ನೆಲ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರಂತೆ. ಎತ್ತರದ ಆಳು, ತೋಟದ ಬೂಟು. ನಮ್ಮನ್ನು ಮನೆಯೊಳಗೆ ಕರೆಯುವ ಮುಂಚೆ ಪಕ್ಕದ ಗೋಡೆಯ ಹತ್ತಿರ ಕರೆದೊಯ್ದರು.

ಬಿಸಿಲಿಗೆ ಮಾಸಿದ ಗೋಡೆಯಲ್ಲಿ ಒಂದು ಬಾಗಿಲಿನಷ್ಟು ಜಾಗ ಮಾತ್ರ ಹೊಸ ಬಣ್ಣದ ಹಾಗೆ ಉಳಿದಿತ್ತು. ಮೂಲೆಗಳಲ್ಲಿ ಬೋಲ್ಟು ಕಿತ್ತ ತೂತುಗಳು. ಕೆಳಗೆ ಟೇಪು ಸುತ್ತಿದ ವೈರುಗಳು.

"ಬ್ಯಾಟರಿಯನ್ನು ಸಾಲದಲ್ಲಿ ಹಾಕಿಸಿದ್ದು," ಎಂದರು ಆಕೆ. "ಹಾಕಿದ ಕಂಪನಿ ಸತ್ತಿತು. ಸಾಲ ಕೊಟ್ಟ ಕಂಪನಿ ಗಟ್ಟಿಮುಟ್ಟಾಗಿದೆ. ಪ್ರತಿ ತಿಂಗಳು ಕಂತು ಕಟ್ಟುತ್ತಿದ್ದೇನೆ. ಇನ್ನೂ ಎಷ್ಟೋ ವರ್ಷ ಕಟ್ಟಬೇಕು. ಈ ತೂತುಗಳಿಗೆ."

ಇವರು ತೂತುಗಳನ್ನು ನೋಡಿದರು. ನಾನು ಇವರನ್ನು ನೋಡಿದೆ.

"ಏನು ಕೆಲಸ ನಿಮ್ಮದು?" ಎಂದು ಆಕೆ ಕೇಳಿದರು.

"ಇಂಜಿನಿಯರು. ಟೆಲಿಕಾಂ."

"ಅಷ್ಟು ಅಗ್ಗಕ್ಕೆ ಸಿಗ್ತಿದೆಯಲ್ಲ, ಯಾಕಿರಬಹುದು ಅಂತ ಒಂದು ಸಲವೂ ಅನ್ನಿಸಲಿಲ್ವಾ?"

"ಟ್ಯಾಕ್ಸ್ ಕ್ರೆಡಿಟ್ ನಿಂತಿತ್ತು, ಅದಕ್ಕೇ ಅಂದುಕೊಂಡೆ," ಎಂದರು ಇವರು.

"ಆ ಕ್ರೆಡಿಟ್ ಇದಕ್ಕೆ ನನಗೆ ಬಂದಿತ್ತು," ಎಂದರು ಆಕೆ. "ಸರ್ಕಾರ ಒಂದು ಸಲ ಕೊಟ್ಟಿದೆ, ನಾನು ಕೊಡ್ತಾ ಇದೀನಿ, ನೀವೂ ಕೊಟ್ಟಿದೀರಿ. ಮೂರು ಕಡೆಯಿಂದ ದುಡ್ಡು ತಗೊಂಡ ಪೆಟ್ಟಿಗೆ, ಇವತ್ತು ಒಬ್ಬರ ಮನೆಯಲ್ಲೂ ದೀಪ ಹಚ್ಚುತ್ತಿಲ್ಲ."

ಒಳಗೆ ಕೂರಿಸಿ ಐಸ್ ಟೀ ಕೊಟ್ಟರು. ಪೇಡಾ ಡಬ್ಬಿ ಬಿಚ್ಚಿ, ಒಂದು ತಿಂದು, ಚೆನ್ನಾಗಿದೆ ಎಂದು ಇನ್ನೊಂದನ್ನೂ ತಿಂದರು. ಇವರ ಮುಖ ಸ್ವಲ್ಪ ಅರಳಿತು. ಆಗ ಆಕೆಯೇ ಒಂದು ದಾರಿ ಹೇಳಿದರು. ಸಾಲದ ಉಳಿದ ಕಂತುಗಳನ್ನು ನಾವು ವಹಿಸಿಕೊಂಡರೆ ಅವರು ಫೋನಿನಲ್ಲಿ ಒಂದು ಗುಂಡಿ ಒತ್ತಿ ಬ್ಯಾಟರಿಯನ್ನು ನಮಗೆ ಬಿಟ್ಟುಕೊಡುತ್ತಾರೆ. ಇಲ್ಲದಿದ್ದರೆ ತಂದು ಇದೇ ಗೋಡೆಗೆ ಹಾಕಬೇಕು. ಎರಡೂ ಆಗದಿದ್ದರೆ ಅದು ನಮ್ಮ ಗ್ಯಾರೇಜಿನಲ್ಲಿ ಹೆಣದ ಹಾಗೆ ನಿಂತಿರಲಿ, ಅವರಿಗೇನೂ ಆಕ್ಷೇಪವಿಲ್ಲ.

ನ್ಯಾಯವಾದ ಮಾತು. ಇವರ ತುಟಿ ಅಲುಗಾಡತೊಡಗಿತು. ಮನಸ್ಸಿನಲ್ಲಿ ಲೆಕ್ಕ ಹಾಕುವಾಗ ಅವರ ತುಟಿ ಅಲುಗುತ್ತದೆ, ನೋಡಿದವರಿಗೆ ಜಪ ಮಾಡುತ್ತಿದ್ದಾರೆ ಅನ್ನಿಸಬೇಕು. ಜಪ ಮುಗಿಯುವ ಹೊತ್ತಿಗೆ ಮುಖದ ಕಳೆ ಹೋಗಿತ್ತು. ನಾನೂ ಮನಸ್ಸಿನಲ್ಲೇ ಕೂಡಿ ನೋಡಿದ್ದೆ. ಗೋಡೌನಿನವನಿಗೆ ಕೊಟ್ಟದ್ದು, ಟ್ರಕ್ಕಿನ ಬಾಡಿಗೆ, ಎಲೆಕ್ಟ್ರಿಷಿಯನ್, ಮೇಲೆ ಈ ಸಾಲ. ಕ್ರೆಡಿಟ್ ಇಲ್ಲದೆ, ಡಿಸ್ಕೌಂಟ್ ಇಲ್ಲದೆ, ಹೊಚ್ಚ ಹೊಸ ಬ್ಯಾಟರಿಯನ್ನು ಅಂಗಡಿಯವನು ಹೇಳಿದ ಬೆಲೆಗೇ ಕೊಂಡಿದ್ದರೂ ಇದಕ್ಕಿಂತ ಅಗ್ಗವಾಗುತ್ತಿತ್ತು.

ಇಂಥ ಗಳಿಗೆಯಲ್ಲಿ ಮನುಷ್ಯರು ತಲೆ ತಗ್ಗಿಸುತ್ತಾರೆ, ಇಲ್ಲವೇ ಕೋಪಿಸಿಕೊಳ್ಳುತ್ತಾರೆ. ನನ್ನ ಗಂಡ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತುಂಬ ವಿನಯದಿಂದ ಕೇಳಿದರು:

"ಆ ಸಾಲದಲ್ಲಿ... ಸ್ವಲ್ಪ ಏನಾದರೂ ಕಡಿಮೆ ಮಾಡ್ಕೊಳ್ಳೋಕೆ ಆಗುತ್ತಾ?"

ತನ್ನ ಮನೆಯಿಂದ ಹೋದ ವಸ್ತುವಿಗೆ, ತಾನು ಕಟ್ಟುತ್ತಿರುವ ಸಾಲದಲ್ಲಿ, ಆ ವಸ್ತು ಸಿಕ್ಕಿದವನಿಗೆ ಡಿಸ್ಕೌಂಟು! ಆಕೆ ಟೀ ಲೋಟ ಕೆಳಗಿಟ್ಟರು. ಇವರನ್ನೇ ದಿಟ್ಟಿಸಿದರು. ಬೈಯುತ್ತಾರೆಂದು ನಾನು ಕಾಯುತ್ತಿದ್ದರೆ, ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾತು ಅರ್ಥವಾಗದ ಅತ್ತೆ, "ಏನ್ ಕೇಳಿದ ಇಂವ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅತ್ತೆಯೂ ನಗತೊಡಗಿದರು. ಇಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬನೇ ಗಂಡಸಿಗಾಗಿ ನಗುತ್ತಿದ್ದರು. ಇವರು ಮಧ್ಯದಲ್ಲಿ ಪೇಡಾ ಡಬ್ಬಿಯ ಮುಚ್ಚಳ ಸರಿಪಡಿಸುತ್ತಿದ್ದರು.

ನನಗೆ ನಗು ಬರಲಿಲ್ಲ. ಕಿವಿ ಬಿಸಿಯಾಗಿತ್ತು. "ತಂದು ಹಾಕಿಸಿಕೊಡ್ತೀವಿ. ಮುಂದಿನ ವಾರ," ಎಂದೆ. ಇವರು ನನ್ನತ್ತ ತಿರುಗಿ ಕನ್ನಡದಲ್ಲಿ, "ಒಂದ್ನಿಮಿಷ ಇರೇ, ಮಾತುಕತೆ ಇನ್ನೂ ಮುಗಿದಿಲ್ಲ," ಎಂದರು. "ಮುಗೀತು," ಎಂದೆ.

ಮನೆಗೆ ಹಿಂದಿರುಗುವಾಗ ಇವರು ಆರೆಂಜ್ ಕೌಂಟಿ ದಾಟಿದ ಮೇಲೆ, "ಅವರು ಸ್ವಲ್ಪ ಬಗ್ಗೋ ಹಾಗಿದ್ರು, ನೀನೇ ಕೆಡಿಸಿದೆ," ಎಂದರು. ಉತ್ತರ ಕೊಡುವುದು ಅತ್ತೆಗೆ ಬಿಟ್ಟೆ. ಅತ್ತೆ ಮಲಗಿದ್ದರು, ಅಥವಾ ಮಲಗಿದಂತೆ ಇದ್ದರು.

ಮತ್ತೆ ಟ್ರಕ್ಕು, ಮತ್ತೆ ಫ್ರೀವೇ. ಈ ಸಲ ಕನ್ನಡಿಯಲ್ಲಿ ಹಿಂದೆ ನೋಡಲಿಲ್ಲ. ಆಕೆಯ ಊರಿನ ಎಲೆಕ್ಟ್ರಿಷಿಯನ್ ಕಾಯುತ್ತಿದ್ದರು. ಬ್ಯಾಟರಿ ತನ್ನ ಹಳೆಯ ಜಾಗದಲ್ಲಿ ಚಾಚೂ ತಪ್ಪದೆ ಕೂತಿತು. ಇವರು ಮೊದಮೊದಲು ದೂರದಲ್ಲಿ ಅವಕಾಡೊ ಮರದ ಕೆಳಗೆ, ಮದುವೆಮನೆಯಲ್ಲಿ ಮರ್ಯಾದೆ ಸಾಲದೆ ಮುನಿದ ಅಳಿಯನ ಹಾಗೆ ನಿಂತಿದ್ದರು. ಆಮೇಲೆ ಒಂದು ಹೆಜ್ಜೆ ಹತ್ತಿರ ಬಂದರು. ಆಮೇಲೆ ಟಾರ್ಚ್ ಹಿಡಿದರು. ಸ್ವಲ್ಪ ಹೊತ್ತಿಗೆ ಮಂಡಿಯೂರಿ, ಎಲೆಕ್ಟ್ರಿಷಿಯನ್ ಜೊತೆ ವೈರುಗಳ ಬಗ್ಗೆ ವಾದಕ್ಕೇ ಇಳಿದಿದ್ದರು. ಆಕೆ ಫೋನಿನಲ್ಲಿ ನೋಡುತ್ತಿದ್ದಂತೆ ಹಸಿರು ಗುರುತು ಬಂತು. ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಪರೀಕ್ಷೆ ಮಾಡಿದರು. ಒಂದು ಕ್ಷಣ ಎಲ್ಲ ಸ್ತಬ್ಧವಾಗಿ, ಮರುಕ್ಷಣ ಅಡುಗೆಮನೆಯ ಫ್ರಿಜ್ ಗುಂಯ್‌ಗುಟ್ಟಿತು.

"ನಡೀತಿದೆ! ನಡೀತಿದೆ!" ಎಂದು ಇವರು ಕೂಗಿದರು. ಮುಖದ ಮೇಲೆ ಎಂಥ ಸಂತೋಷವೆಂದರೆ, ಆ ಬ್ಯಾಟರಿ ತಮ್ಮದಲ್ಲ, ಆ ಫ್ರಿಜ್ಜೂ ತಮ್ಮದಲ್ಲ ಎಂಬುದು ಆ ಹೊತ್ತಿಗೆ ಪೂರ್ತಿ ಮರೆತುಹೋಗಿತ್ತು. ಮದುವೆಯಾದ ಇಷ್ಟು ವರ್ಷಗಳಲ್ಲಿ ನಾನು ಅವರನ್ನು ನಿಜವಾಗಿ ಮೆಚ್ಚಿದ ಗಳಿಗೆಗಳಲ್ಲಿ ಅದೊಂದು. ಹೇಳಲಿಲ್ಲ, ತಲೆಗೇರುತ್ತದೆ. ಆಕೆ ಎಲ್ಲರಿಗೂ ಚೀಸ್ ಸ್ಯಾಂಡ್‌ವಿಚ್ ಮಾಡಿ, ಅತ್ತೆಗೆ ಒಂದು ಚೀಲ ಅವಕಾಡೊ ಕೊಟ್ಟು ಕಳಿಸಿದರು. ಅತ್ತೆ ಅದರಿಂದ ಚಟ್ನಿ ಮಾಡಿದರು. ಯಾರೂ ತಿನ್ನಲಿಲ್ಲ.

ಮೆಚ್ಚುಗೆ ಹೆಚ್ಚು ದಿನ ಉಳಿಯುವ ಹಾಗಿರಲಿಲ್ಲ. ಆ ವಾರವೇ ವಾಟ್ಸಾಪ್ ಗುಂಪಿನಲ್ಲಿ ಇವರ ಫೋಟೋ ಬಂತು. ಬ್ಯಾಟರಿಯ ಪಕ್ಕ ನಿಂತು ಹೆಬ್ಬೆರಳು ಎತ್ತಿದ್ದಾರೆ. ಕೆಳಗೆ ಅವರೇ ಬರೆದ ಸಾಲು: "ಗುಡ್ಡಗಾಡಿನ ಹಿರಿಯ ನಾಗರಿಕರೊಬ್ಬರಿಗೆ ಬ್ಯಾಟರಿ ದಾನ ಮಾಡಿದ ಸಂತೃಪ್ತಿ." ಕೈಮುಗಿದ ಚಿತ್ರಗಳೂ ಹೂವುಗಳೂ ಸುರಿದವು. ನಿಮ್ಮಂಥವರಿಂದ ಕನ್ನಡಿಗರ ಹೆಸರು ಉಳಿದಿದೆ ಎಂದು ಯಾರೋ ಬರೆದರು. ಯುಗಾದಿ ಕಾರ್ಯಕ್ರಮದಲ್ಲಿ ಶಾಲು ಹೊದಿಸುವ ಮಾತೂ ಬಂತು.

ಪ್ರೊಫೆಸರು ಮಾತ್ರ ನೇರವಾಗಿ ಫೋನು ಮಾಡಿದರು. "ದಾನ ಮಾಡಿದ್ದು ಸರಿ. ಅದಕ್ಕೆ ಟ್ಯಾಕ್ಸ್ ಡಿಡಕ್ಷನ್ ಸಿಗುತ್ತಾ, ವಿಚಾರಿಸಿದ್ರಾ?"

ಇವರ ಕಣ್ಣಲ್ಲಿ ಮಿಂಚು ಕಂಡಿತು. ನಾನು ಫೋನು ಕಸಿದುಕೊಂಡು, "ಸರ್, ನಿಮ್ಮ ಬ್ಯಾಟರಿ ಯಾರ ಮನೇದು ಅಂತ ನೋಡಿದ್ರಾ?" ಎಂದೆ.

"ಇನ್ನೂ ಬಿಚ್ಚಿಲ್ಲಮ್ಮಾ."

"ಬಿಚ್ಚಿ ನೋಡಿ. ಅವರೂ ತೂತುಗಳಿಗೆ ಕಂತು ಕಟ್ತಿರಬಹುದು."

ಅವರು ಬಿಚ್ಚಿದರೋ ಇಲ್ಲವೋ ಗೊತ್ತಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದವರೊಬ್ಬರು, ಗ್ಯಾರೇಜಿನಲ್ಲಿ ಪ್ಯಾಕಿಂಗ್ ಸಮೇತ ನಿಂತ ಪೆಟ್ಟಿಗೆಯ ಮೇಲೆ ಈಗ ತುಳಸಿ ಕುಂಡ ಇಟ್ಟಿದ್ದಾರೆ ಎಂದರು.

ಚಳಿಗಾಲ ಮುಗಿಯುವ ಮುಂಚೆ ಗಾಳಿ ಮತ್ತೊಮ್ಮೆ ಬೀಸುತ್ತದೆಂದು ಸುದ್ದಿ ಬಂದಾಗ ನಾನು ಆಸ್ಪತ್ರೆಯ ಫಾರ್ಮಸಿಯ ಕೆಲಸ ಮುಗಿಸಿ ಬರುತ್ತ ದಾರಿಯಲ್ಲಿ ಕಾರು ತಿರುಗಿಸಿದೆ. ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ಗಾಲಿಯ ಮೇಲೆ ಎಳೆದೊಯ್ಯುವಂಥ ಸಣ್ಣ ಬ್ಯಾಟರಿಯೊಂದನ್ನು ಕೊಂಡೆ. ಹೊಸದು, ಪೂರ್ತಿ ಬೆಲೆ. ಯಾರನ್ನೂ ಕೇಳಲಿಲ್ಲ, ಯಾವ ಕೂಪನ್ನೂ ಹುಡುಕಲಿಲ್ಲ. ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಫ್ರಿಜ್ ಒಂದಕ್ಕೆ ಅದು ಸಾಕಾಯಿತು. ಅತ್ತೆ ತಮ್ಮ ಧಾರಾವಾಹಿಗೆ ಟೀವಿಯನ್ನೂ ಅದಕ್ಕೇ ಸಿಕ್ಕಿಸಬೇಕೆಂದು ಹಟ ಹಿಡಿದು ಗೆದ್ದರು.

ಇವರು ಬ್ಯಾಟರಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ರಸೀದಿ ಎತ್ತಿ ಓದಿ, ನಿಟ್ಟುಸಿರು ಬಿಟ್ಟರು.

"ಮುಂದಿನ ವಾರ ಇದೇ ಸೇಲಿಗೆ ಬರ್ತಿತ್ತು ಕಣೇ."